ತಪ್ಪು ಉತ್ತರಗಳೇ ನನ್ನ ಬಂಡವಾಳ

ಮೇಷ್ಟರ ಕೆಲಸ ಬಿಟ್ಟು ಬಾಗಲಕೋಟೆಯ ನವನಗರದಲ್ಲಿ ಕುಳಿತು ಗಣಿತದ ತಂತ್ರಾಂಶ ಮಾಡಿ ಮಾರುತ್ತೇನೆ ಎಂದಾಗ ಮೂಗು ಮುರಿದವರೇ ಹೆಚ್ಚು. ‘ಈಗೆಲ್ಲ ವಿಡಿಯೊ ಕಾಲ ಸರ್, ಬರೀ ಪ್ರಶ್ನೆ ಕೇಳುವ ಆ್ಯಪ್ ಯಾರು ಕೊಳ್ಳುತ್ತಾರೆ?’ ಎಂದು ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ನನ್ನ ಶಿಷ್ಯನೇ ಬುದ್ಧಿ ಹೇಳಿದ್ದ. ಈ ವರ್ಷ ಜಮಖಂಡಿ, ಮುಧೋಳ, ಬೀಳಗಿ ಕಡೆಯ ಮೂವತ್ತಕ್ಕೂ ಹೆಚ್ಚು ಶಾಲೆಗಳು ಹಣ ಕೊಟ್ಟು ಬಳಸುತ್ತಿವೆ. ಶಿಷ್ಯ ಈಗ ಬಿಡುವಿದ್ದಾಗ ನನ್ನ ಕೋಡ್ ನೋಡಿಕೊಡುತ್ತಾನೆ.

ಆ್ಯಪ್ ಕಟ್ಟುವ ಫ್ಲಟರ್, ಮಾಹಿತಿ ಕೂಡಿಡುವ ಎಸ್‌ಕ್ಯೂಲೈಟ್ ಕಲಿತ ಕಥೆ ಬೇಡ, ಅದು ಎಲ್ಲರದೂ ಒಂದೇ. ಎಂಜಿನಿಯರುಗಳ ಬಳಿ ಇಲ್ಲದ ಒಂದು ಸರಕು ನನ್ನಲ್ಲಿತ್ತು: ಹತ್ತು ಹನ್ನೆರಡು ವರ್ಷ ಉತ್ತರ ಪತ್ರಿಕೆ ತಿದ್ದುತ್ತ ಮಕ್ಕಳ ತಪ್ಪುಗಳನ್ನು ಬರೆದಿಟ್ಟುಕೊಂಡ ನೋಟ್‌ಬುಕ್ಕುಗಳು.

0.35 ಮತ್ತು 0.5ರಲ್ಲಿ ಯಾವುದು ದೊಡ್ಡದು ಎಂದು ಕೇಳಿ. ಐದಕ್ಕಿಂತ ಮೂವತ್ತೈದು ದೊಡ್ಡದಲ್ಲವೇ ಎಂದು 0.35 ಆರಿಸುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರಿಗೇ 0.62 ಮತ್ತು 0.4 ಕೊಟ್ಟರೆ ಉತ್ತರ ಸರಿಯಾಗಿರುತ್ತದೆ, ತಿಳಿವಳಿಕೆ ಮಾತ್ರ ಅದೇ ತಪ್ಪು. ಇನ್ನು ಕೆಲವರು ಬಿಂದುವಿನ ನಂತರ ಅಂಕಿ ಕಡಿಮೆಯಿದ್ದಷ್ಟೂ ಸಂಖ್ಯೆ ದೊಡ್ಡದು ಎಂದುಕೊಂಡಿರುತ್ತಾರೆ. ಅವರು ಮೊದಲ ಪ್ರಶ್ನೆಯಲ್ಲಿ ಪಾಸಾಗಿ ಎರಡನೆಯದರಲ್ಲಿ ಸಿಕ್ಕಿಬೀಳುತ್ತಾರೆ. ಎರಡನ್ನೂ ಜೋಡಿಯಾಗಿ ಕೇಳಿದರೆ ಮಾತ್ರ ಯಾರ ತಲೆಯಲ್ಲಿ ಏನಿದೆ ಎಂಬುದು ಹೊರಬರುತ್ತದೆ. ನನ್ನ ತಂತ್ರಾಂಶ ಅಂಕಗಳ ಜೊತೆಗೆ ಈ ಗುಂಪುಗಳ ಪಟ್ಟಿಯನ್ನೂ ಕೊಡುತ್ತದೆ. ಸೋಮವಾರ ಬೆಳಿಗ್ಗೆ ಯಾವ ಮಗುವಿಗೆ ಸ್ಥಾನಬೆಲೆ ಮತ್ತೆ ಹೇಳಬೇಕು ಎಂಬುದು ಶಿಕ್ಷಕರ ಮೊಬೈಲಿನಲ್ಲಿರುತ್ತದೆ. ಸುಮ್ಮನೆ ಊಹಿಸಿ ಒತ್ತಿದವರನ್ನು ಬೇರ್ಪಡಿಸುವ ಉಪಾಯವೂ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದೇ ನನ್ನ ಹೊಟ್ಟೆಪಾಡು.

ಮೊದಲು ಕೈ ಕಚ್ಚಿದ್ದು ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಆಸ್ಕಿ ಫಾಂಟ್. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ತುಂಡುಗಳು ಕೂತಿರುತ್ತವೆ. ನನ್ನ ಪ್ರಶ್ನೆಗಳೆಲ್ಲ ಅದರಲ್ಲೇ ಇದ್ದವು. ಫೋನುಗಳಿಗೆ ಅರ್ಥವಾಗುವ ಯೂನಿಕೋಡ್‌ಗೆ ತಿರುಗಿಸಲು ನಾನೇ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲೇ ಬರಬೇಕು. ಹೀಗಾಗಿ ‘ವರ್ಗಮೂಲ’ ಎಲ್ಲ ಕಡೆ ‘ವಗರ್ಮೂಲ’ ಆಯಿತು. ಅದನ್ನು ಸರಿಪಡಿಸುವಷ್ಟರಲ್ಲಿ ಬೀಜಗಣಿತದ ಎಕ್ಸ್, ವೈಗಳು ಕನ್ನಡದ ಯಾವುದೋ ತುಂಡಕ್ಷರಗಳಾಗಿ ಕುಳಿತಿದ್ದವು. ಕೊನೆಗೆ ಬೀಜಗಣಿತವನ್ನಷ್ಟೇ ಹೊಸದಾಗಿ ಟೈಪ್ ಮಾಡಿಸಿದೆ. ಎಂಟೊಂಬತ್ತು ಸಾವಿರ ರೂಪಾಯಿ ಹೋಯಿತು.

ನಂತರ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್. ಇಂಟರ್‌ನೆಟ್ ಇಲ್ಲದ ಶಾಲೆಯಲ್ಲಿ ಅದನ್ನೇ ಸರ್ವರ್ ಮಾಡಿ, ಮಕ್ಕಳ ಟ್ಯಾಬ್‌ಗಳನ್ನು ವೈಫೈ ಮೂಲಕ ಜೋಡಿಸುವುದು ನನ್ನ ಯೋಜನೆ. ಕರೆಂಟ್ ಹೋದಾಗಲೆಲ್ಲ ಮೆಮೊರಿ ಕಾರ್ಡ್ ಕೆಡುತ್ತಿತ್ತು, ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಈಗ ಐದಾರು ಸಾವಿರಕ್ಕೆ ಸಿಗುವ ಹಳೆಯ ಲ್ಯಾಪ್‌ಟಾಪ್‌ಗಳನ್ನು ಹಾಕುತ್ತೇನೆ. ಕೀಲಿಮಣೆ ಕೆಟ್ಟಿದ್ದರೂ ಪರವಾಗಿಲ್ಲ, ಬ್ಯಾಟರಿ ಅರ್ಧ ಗಂಟೆ ತಡೆದರೆ ಸಾಕು, ಅದೇ ಯುಪಿಎಸ್.

ನಡುವೆ ಪ್ರಶ್ನೆಗಳನ್ನು ಓದಿ ಹೇಳಿಸುವ ಹುಚ್ಚೂ ಹಿಡಿದಿತ್ತು. ಯಂತ್ರದ ಧ್ವನಿ 3/4 ಅನ್ನು ಒಮ್ಮೆ ತಾರೀಖಿನಂತೆ, ಒಮ್ಮೆ ‘ಮೂರು ಓರೆಗೆರೆ ನಾಲ್ಕು’ ಎಂದು ಓದಿತು. ನನ್ನ ಹೆಂಡತಿಯ ಧ್ವನಿಯಲ್ಲಿ ಆರನೆಯ ತರಗತಿಯದನ್ನು ಧ್ವನಿಮುದ್ರಿಸಿದೆವು. ಮಕ್ಕಳಿಗೆ ಹಿಡಿಸಿತು, ಆದರೆ ಕಡತ ಭಾರವಾಯಿತು. ಅದು ಸದ್ಯಕ್ಕೆ ಪಕ್ಕಕ್ಕಿದೆ.

ಹಣದ ಮಾತು. ಅನುದಾನರಹಿತ ಶಾಲೆಯಲ್ಲಿ ನನ್ನ ಪಗಾರ ಹದಿನಾರು ಸಾವಿರದ ಆಸುಪಾಸು. ಭವಿಷ್ಯನಿಧಿಯಿಂದ ಬಂದ ಒಂದೂಮುಕ್ಕಾಲು ಲಕ್ಷದಲ್ಲಿ ಮೊದಲ ವರ್ಷ ದಾಟಿದೆ. ಪ್ಲೇ ಸ್ಟೋರ್‌ಗೆ 25 ಡಾಲರ್ ಕಟ್ಟಿ ಉಚಿತ ಆವೃತ್ತಿ ಹಾಕಿದೆ. ನಾಲ್ಕು ಸಾವಿರದಷ್ಟು ಜನ ಇಳಿಸಿಕೊಂಡರು, ಜಾಹೀರಾತಿನ ಹಣ ಚಹಾದ ಖರ್ಚಿಗೂ ಸಾಲಲಿಲ್ಲ. ವಿಜಯಪುರ ಜಿಲ್ಲೆಯ ವಸತಿ ಶಾಲೆಯೊಂದು ವರ್ಷಪೂರ್ತಿ ಬಳಸಿ, ‘ಮುಂದಿನ ವಾರ ಬನ್ನಿ ಸರ್’ ಎನ್ನುತ್ತಲೇ ಅರವತ್ತು ಸಾವಿರ ಉಳಿಸಿಕೊಂಡಿತು. ಅಂದಿನಿಂದ ಅರ್ಧ ಹಣ ಕೈಗೆ ಬಂದ ಮೇಲೆಯೇ ಲ್ಯಾಪ್‌ಟಾಪ್ ಶಾಲೆಯ ಮೆಟ್ಟಿಲು ಹತ್ತುತ್ತದೆ, ಉಳಿದರ್ಧ ದಸರಾ ರಜೆಯೊಳಗೆ. ಈಗ ಖರ್ಚು ಕಳೆದು ತಿಂಗಳಿಗೆ ಮೂವತ್ತೈದು ಸಾವಿರ ಉಳಿಯುತ್ತದೆ. ಏಪ್ರಿಲ್, ಮೇ ಮಾತ್ರ ಬರಗಾಲ.

ಮುಂದಿನದು ವಿಜ್ಞಾನ, ಅದರಲ್ಲಿ ನನ್ನ ಬಳಿ ನೋಟ್‌ಬುಕ್ ಇಲ್ಲ. ಎಂಟು, ಒಂಬತ್ತನೆಯ ತರಗತಿಯ ಮಕ್ಕಳ ತಪ್ಪು ಉತ್ತರಗಳನ್ನು ಹೀಗೆ ಬರೆದಿಟ್ಟ ಶಿಕ್ಷಕರಿದ್ದರೆ ಪುಟಕ್ಕೆ ಹತ್ತು ರೂಪಾಯಿಯಂತೆ ಕೊಳ್ಳುತ್ತೇನೆ. ಮಕ್ಕಳ ಹೆಸರು ಹೊಡೆದುಹಾಕಿರಬೇಕು, ಉತ್ತರ ಮಾತ್ರ ಅವರು ಬರೆದ ಹಾಗೆಯೇ ಇರಬೇಕು, ತಿದ್ದಿದ್ದು ಬೇಡ.