ಉದ್ದಿನಬೇಳೆ ಇಲ್ಲದೆ ಷಿಆನ್‌ನಲ್ಲಿ ಇಡ್ಲಿ

ಚೀನಾದಲ್ಲಿ ಪಾಠ ಮಾಡುವ ನಮ್ಮವರಲ್ಲಿ ಎರಡು ಬಣ. ಯೀವು, ಗುವಾಂಗ್‌ಝೌ ಕಡೆ ಇರುವವರಿಗೆ ಭಾರತದ ವ್ಯಾಪಾರಿಗಳ ದೆಸೆಯಿಂದ ಉದ್ದಿನಬೇಳೆ, ಇಂಗು, ಸಾರಿನಪುಡಿ ಎಲ್ಲ ಕಾಲಬುಡದಲ್ಲೇ ಸಿಗುತ್ತದೆ. ಷಿಆನ್, ಲಾನ್‌ಝೌ, ಹಾರ್ಬಿನ್‌ನ ಕ್ಯಾಂಪಸ್‌ಗಳಲ್ಲಿ ಇರುವ ನಾವು ಅವರ ಕೊರಿಯರ್‌ಗೆ ಕಾಯಬೇಕು. “ಉದ್ದಿಲ್ಲದೆ ಇಡ್ಲಿಯಾ? ಗೋಡೆ ಕಟ್ಟೋಕೆ ಆಗುತ್ತೆ ಬಿಡಿ ಮೇಷ್ಟ್ರೇ” ಎಂದು ಆ ಬಣದವರು ನಕ್ಕರಲ್ಲ, ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಈಗ ಷಿಆನ್‌ನ ಜನವರಿಯಲ್ಲೂ ಪೂರ್ತಿ ಇಲ್ಲಿನ ಸಾಮಾನಿನಲ್ಲೇ ಹಿಟ್ಟು ಉಬ್ಬುತ್ತಿದೆ, ಒಂದೇ ಸಲವಲ್ಲ, ಪ್ರತಿ ವಾರ.

ಉದ್ದನ್ನು ಬಿಟ್ಟದ್ದು ದುಡ್ಡು ಉಳಿಸಲು ಅಲ್ಲ. ಆನ್‌ಲೈನ್‌ನಲ್ಲಿ ಕಿಲೋಗೆ 30 ಯುವಾನ್ ಆಸುಪಾಸು, ಯುವಾನ್‌ಗೆ ಸುಮಾರು 12 ರೂಪಾಯಿ ಹಿಡಿಯಿರಿ. ಒಂದು ಸಲದ ಇಡ್ಲಿಗೆ ಬೀಳುವುದು ಮೂರು ನಾಲ್ಕು ಯುವಾನ್ ಅಷ್ಟೆ. ತೊಂದರೆ ಇರುವುದು ಬೇಳೆಯ ವಯಸ್ಸಿನಲ್ಲಿ. ಹಡಗಿನಲ್ಲಿ ಬಂದು, ಗೋದಾಮಿನಲ್ಲಿ ಕೂತು, ಹಳದಿಗೆ ತಿರುಗಿದ ಬೇಳೆ ರುಬ್ಬಿದರೆ ನೊರೆ ಏಳುವುದಿಲ್ಲ, ನೀರು ಹೀರುವುದೂ ಅರ್ಧಕ್ಕೆ ನಿಲ್ಲುತ್ತದೆ. ಊರಿಂದ ಹೊತ್ತು ತರುವ ಯೋಚನೆಯೂ ಬೇಡ. ಬಿತ್ತನೆಗೆ ಬರುವ ಬೀಜ, ಹಾಲಿನ ಪದಾರ್ಥ, ತಾಜಾ ಹಣ್ಣು ತರಕಾರಿ ಚೀನಾದ ಕಸ್ಟಮ್ಸ್ ನಿಷೇಧದ ಪಟ್ಟಿಯಲ್ಲಿವೆ, ಇಡೀ ಉದ್ದಿನಕಾಳು ಎಷ್ಟಾದರೂ ಮೊಳೆಯುವ ಬೀಜವೇ. ಗಸಗಸೆಯನ್ನಂತೂ ಚೀಲದ ಹತ್ತಿರಕ್ಕೂ ಸೇರಿಸಬೇಡಿ. ಇಲ್ಲಿ ಅದನ್ನು ಅಡುಗೆಗೆ ಮಾರುವಂತಿಲ್ಲ, ಅಫೀಮು ಗಿಡದ ಬೀಜವೆಂದೇ ನೋಡುತ್ತಾರೆ.

ಅಕ್ಕಿಯಿಂದ ಶುರು ಮಾಡೋಣ, ಹೆಚ್ಚಿನವರ ಇಡ್ಲಿ ಕೆಡುವುದೇ ಅಲ್ಲಿ. ಉತ್ತರ ಚೀನಾದ ಅಂಗಡಿಯಲ್ಲಿ ಕಣ್ಣಿಗೆ ಬೀಳುವುದೆಲ್ಲ ಈಶಾನ್ಯದ ಗುಂಡು ಅಕ್ಕಿ. ಅನ್ನಕ್ಕೆ ಸೊಗಸು, ಇಡ್ಲಿಗೆ ಶನಿ. ಹಬೆಯಲ್ಲಿ ಅಂಟಂಟಾಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಬೇಕಾದ್ದು ದಕ್ಷಿಣದ ಉದ್ದನೆಯ ಅಕ್ಕಿ, ಶ್ಯೆನ್‌ಮಿ. ಅದರಲ್ಲೂ ಮೊದಲ ಬೆಳೆಯ ‘ಜಾವ್ ಶ್ಯೆನ್‌ಮಿ’ ಸಿಕ್ಕಿದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಅಕ್ಕಿ ಶ್ಯಾವಿಗೆ ಮಾಡುವವರು ಕೊಳ್ಳುವುದು ಇದನ್ನೇ. ಅನ್ನ ಮಾಡಿದರೆ ಬಿರುಸು, ಅದಕ್ಕೇ ಅಗ್ಗ. ಜಿನ್‌ಗೆ, ಅಂದರೆ ಅರ್ಧ ಕಿಲೋಗೆ, ಎರಡೂವರೆ ಮೂರು ಯುವಾನ್. ಗುಂಡು ಅಕ್ಕಿಯನ್ನು ಎಸೆಯಬೇಡಿ, ಮೊಸರನ್ನಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಉದ್ದಿನ ಜಾಗಕ್ಕೆ ಸಿಪ್ಪೆ ತೆಗೆದ ಹೆಸರುಬೇಳೆ, ಇಲ್ಲಿನ ಹೆಸರು ತುವೊಪೀ ಲ್ಯೂದೋವ್. ಹೆಸರುಬೇಳೆಯ ಸಿಹಿ ಮಾಡುವವರು ವರ್ಷವಿಡೀ ಕೊಳ್ಳುವುದರಿಂದ ಹಳೇ ಮಾಲು ಸಿಗುವುದಿಲ್ಲ. ಜಿನ್‌ಗೆ ಎಂಟು ಯುವಾನ್ ಒಳಗೆ. ಹುದುಗುವುದಕ್ಕೆ ಹೆಸರು ಚೆನ್ನಾಗಿಯೇ ಹುದುಗುತ್ತದೆ, ಆದರೆ ಉದ್ದಿನ ಲೋಳೆ ಅದರಲ್ಲಿಲ್ಲ. ಎದ್ದ ಗಾಳಿಯನ್ನು ಹಿಡಿದಿಡುವುದು ಆ ಲೋಳೆ. ಬರೀ ಹೆಸರು ಹಾಕಿದರೆ ರಾತ್ರಿ ಉಬ್ಬಿದ ಹಿಟ್ಟು ಸೌಟು ಇಟ್ಟ ಕೂಡಲೇ ಕುಸಿಯುತ್ತದೆ, ಇಡ್ಲಿ ಬಿಲ್ಲೆಯಾಗುತ್ತದೆ. ಹಲವರು ಇಲ್ಲಿಗೇ ಕೈಬಿಟ್ಟು ‘ಉದ್ದೇ ಬೇಕು’ ಎನ್ನುತ್ತಾರೆ.

ಲೋಳೆ ಬರುವುದು ಎರಡು ಕಡೆಯಿಂದ. ಒಂದು ಮೆಂತ್ಯ. ದಿನಸಿ ಅಂಗಡಿಯಲ್ಲಿ ಹುಡುಕಬೇಡಿ, ಚೀನೀ ಔಷಧಿ ಅಂಗಡಿಗೆ ಹೋಗಿ ‘ಹುಲುಬಾ’ ಕೇಳಿ. ನೂರು ಗ್ರಾಂಗೆ ಕೆಲವೇ ಯುವಾನ್. ಆದರೆ ಅವರು ಉಪ್ಪುನೀರು ಚಿಮುಕಿಸಿ ಹುರಿದ ಮೆಂತ್ಯವನ್ನೂ ಮಾರುತ್ತಾರೆ, ಔಷಧಿಗೆ ಅದೇ ಹೆಚ್ಚು ಬಳಕೆ. ಹುರಿದದ್ದು ನೆನೆದರೂ ಅಷ್ಟಾಗಿ ಲೋಳೆ ಬಿಡುವುದಿಲ್ಲ. ‘ಶೆಂಗ್’, ಅಂದರೆ ಹಸಿಯದು, ಎಂದು ಒತ್ತಿ ಹೇಳಿ. ಅರಿಶಿನವೂ ಅದೇ ಅಂಗಡಿಯಲ್ಲಿ ‘ಜ್ಯಾಂಗ್‌ಹುವಾಂಗ್’ ಹೆಸರಿನಲ್ಲಿ ಸಿಗುತ್ತದೆ, ಒಣಗಿದ ಹೋಳುಗಳಾಗಿ.

ಎರಡನೆಯದು ಶಾನ್‌ಯಾವ್ ಗೆಡ್ಡೆ. ತರಕಾರಿ ಮಾರುಕಟ್ಟೆಯಲ್ಲಿ ಕೋಲುಕೋಲಾಗಿ ಇಟ್ಟಿರುತ್ತಾರಲ್ಲ, ಅದೇ. ಹೆನಾನ್ ಕಡೆಯ ಸಣ್ಣ, ಹಿಟ್ಟುಹಿಟ್ಟಾದ ದುಬಾರಿ ಜಾತಿ ನಮಗೆ ಬೇಡ. ದಪ್ಪನೆಯ, ನೀರುನೀರಾದ ಅಗ್ಗದ ಜಾತಿಯಲ್ಲೇ ಲೋಳೆ ಹೆಚ್ಚು. ಸಿಪ್ಪೆ ತೆಗೆಯುವಾಗ ಕೆಸುವಿನ ಗೆಡ್ಡೆಯ ಹಾಗೆ ಕೈ ತುರಿಸುತ್ತದೆ, ಗ್ಲೌಸ್ ಹಾಕಿ. ತುರಿಸಿಯಾಗಿದ್ದರೆ ವಿನೆಗರ್ ಉಜ್ಜಿ. ತುರಿದದ್ದನ್ನು ಗಾಳಿಗೆ ಬಿಟ್ಟರೆ ಬೂದು ಬಣ್ಣಕ್ಕೆ ತಿರುಗಿ ಇಡ್ಲಿ ಮಾಸಲಾಗುತ್ತದೆ. ಇದನ್ನು ಯಾವ ಹಂತದಲ್ಲಿ, ಹೇಗೆ ಹಿಟ್ಟಿಗೆ ಸೇರಿಸುವುದು ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ನಕ್ಕವರು ಸ್ವಲ್ಪ ತಲೆ ಕೆಡಿಸಿಕೊಳ್ಳಲಿ.

ಅಳತೆ ರೈಸ್ ಕುಕ್ಕರ್ ಜೊತೆ ಬರುವ ಲೋಟದ್ದು, 180 ಮಿಲಿ. ಶ್ಯೆನ್‌ಮಿ ಎರಡು ಲೋಟ, ಹೆಸರುಬೇಳೆ ಮುಕ್ಕಾಲಿಗೆ ಸ್ವಲ್ಪ ಕಡಿಮೆ, ಮೆಂತ್ಯ ಅರ್ಧ ಚಮಚ, ಸಿಪ್ಪೆ ತೆಗೆದ ಗೆಡ್ಡೆ 60–70 ಗ್ರಾಂ, ಅನ್ನ ಒಂದು ಹಿಡಿ. ಅಕ್ಕಿ ಐದಾರು ಗಂಟೆ ನೆನೆಯಲಿ. ಹೆಸರು ಮೂರೇ ಗಂಟೆ, ಮೀರಿದರೆ ಹಸಿ ವಾಸನೆ ಹಿಟ್ಟಿಗೆ ಅಂಟಿ ಬೆಂದ ಮೇಲೂ ಹೋಗುವುದಿಲ್ಲ. ಮೆಂತ್ಯ ಬೇರೆ ಬಟ್ಟಲಲ್ಲಿ ಹಿಂದಿನ ರಾತ್ರಿಯಿಂದಲೇ ನೆನೆಯಬೇಕು. ನೀರು ಕುದಿಸಿ ಆರಿಸಿದ್ದು. ನಲ್ಲಿ ನೀರಿನ ಕ್ಲೋರಿನ್ ಹುದುಗನ್ನು ಹಿಂದೆಳೆಯುತ್ತದೆ, ಗಡಸು ಎಷ್ಟೆಂದು ನಿಮ್ಮ ಕೆಟಲ್‌ನ ತಳವೇ ಹೇಳುತ್ತದೆ.

ರುಬ್ಬುವ ವಿಷಯಕ್ಕೆ ಬಂದರೆ, ಸೋಯಾಹಾಲು ಯಂತ್ರ ತಾನೇ ಕುದಿಸಲು ಶುರುಮಾಡುತ್ತದೆ, ಅದನ್ನು ಮುಟ್ಟಬೇಡಿ. ಪೋಬೀಜಿ ಎಂಬ ವೇಗದ ಬ್ಲೆಂಡರ್ ನಡೆಯುತ್ತದೆ, ಆದರೆ ಒಂದೇ ನಿಮಿಷಕ್ಕೆ ಹಿಟ್ಟು ಬಿಸಿ. ಇಪ್ಪತ್ತು ಸೆಕೆಂಡು ಓಡಿಸಿ ನಿಲ್ಲಿಸಿ, ನೀರಿನ ಬದಲು ಐಸ್ ತುಂಡು ಹಾಕಿ. ಊರಿನ ಮಿಕ್ಸಿ ತಂದಿದ್ದರೆ ಇಲ್ಲಿಯೂ 220 ವೋಲ್ಟ್, 50 ಹರ್ಟ್ಸ್. ಪ್ಲಗ್ಗನ್ನಷ್ಟೇ ಬದಲಾಯಿಸಬೇಕು, ಗುಂಡು ಕಾಲು ಇಲ್ಲಿನ ಸಾಕೆಟ್‌ಗೆ ಹೋಗುವುದಿಲ್ಲ. ಕಡೆಗೆ ನಾನು ದುಡ್ಡು ಸುರಿದದ್ದು ಕ್ಯಾಂಟನ್ ಕಡೆ ಅಕ್ಕಿ ಹಾಲು ಅರೆಯಲು ಬಳಸುವ ಕರೆಂಟಿನ ಪುಟ್ಟ ಬೀಸುವ ಕಲ್ಲಿಗೆ, 400 ಯುವಾನ್ ಚಿಲ್ಲರೆ. ಊರಿನ ಕಾರ್ಡ್ ಜೋಡಿಸಿದ ಅಲಿಪೇ ಎಂಬ ಇಲ್ಲಿನ ಪಾವತಿ ಆ್ಯಪ್‌ನಲ್ಲಿ 200 ಯುವಾನ್ ದಾಟಿದ ಬಿಲ್ಲಿಗೆ ಶೇ 3 ಶುಲ್ಕ ಬೀಳುತ್ತದೆ, ಇಂಥದ್ದನ್ನು ಸಂಬಳದ ಬ್ಯಾಂಕ್ ಖಾತೆಯಿಂದಲೇ ಕೊಳ್ಳಿ. ಅಕ್ಕಿಗೆ ಈ ಕಲ್ಲು ಚೆನ್ನ. ಬೇಳೆಗೆ ಇದು ನೀರು ಜಾಸ್ತಿ ಕೇಳುತ್ತದೆ, ಹಿಟ್ಟು ತೆಳ್ಳಗಾಗುತ್ತದೆ. ಹಾಗಾಗಿ ಅಕ್ಕಿ ಕಲ್ಲಿನಲ್ಲಿ ಸಣ್ಣ ರವೆಯ ಹದಕ್ಕೆ, ಬೇಳೆ ಮೆಂತ್ಯ ಬ್ಲೆಂಡರಿನಲ್ಲಿ ಐಸ್ ಹಾಕಿ ನುಣ್ಣಗೆ. 12ರಿಂದ 2ರವರೆಗಿನ ಊಟದ ಬಿಡುವಿನಲ್ಲಿ ಇಡೀ ಕ್ಯಾಂಪಸ್ ಮಲಗಿರುತ್ತದೆ, ಆಗ ಕಲ್ಲು ಹಚ್ಚಿದರೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಸಂಜೆ ಐದರ ಮೇಲೆ ರುಬ್ಬಿ.

ಈಗ ಹುದುಗು. ಚಳಿಗಾಲವೇ ವೈರಿ ಎಂದು ಎಲ್ಲರೂ ಹೇಳುತ್ತಾರೆ, ಹಾಗಲ್ಲ. ಷಿಆನ್‌ನಲ್ಲಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಸರ್ಕಾರಿ ಬಿಸಿನೀರಿನ ಕೊಳವೆ ಮನೆಯನ್ನು 18–20 ಡಿಗ್ರಿಯಲ್ಲಿ ಇಡುತ್ತದೆ. ಅದರ ಹಿಂದು ಮುಂದಿನ ವಾರಗಳಲ್ಲಿ ಹೊರಗೆ ಚಳಿ, ಒಳಗೆ ಹೀಟಿಂಗ್ ಇಲ್ಲ, ಕೋಣೆ ಹನ್ನೆರಡು ಹದಿಮೂರಕ್ಕೆ ಇಳಿಯುತ್ತದೆ. ಹಿಟ್ಟು ಎರಡು ದಿನವಾದರೂ ಹಂದುವುದಿಲ್ಲ. ರೇಡಿಯೇಟರ್ ಮೇಲೆ ಪಾತ್ರೆ ಇಟ್ಟರೆ ತಳದ ಹಿಟ್ಟು ಬೆಂದು ಗಂಜಿ, ಮೇಲಿನದು ಹಾಗೇ ತಣ್ಣಗೆ. ಒಣ ಗಾಳಿಗೆ ಮೇಲೆ ಚಕ್ಕೆ ಕಟ್ಟುತ್ತದೆ. ಎಲೆಕ್ಟ್ರಿಕ್ ಕಂಬಳಿ ಸುತ್ತಿದರೆ ಕೆಲವು ಗಂಟೆಗೆ ತಾನೇ ಆಫ್. ಇಲ್ಲಿನ ಸಹೋದ್ಯೋಗಿಗಳು ಮಂಟೋವ್ ಎಂಬ ಹಬೆಯ ಬನ್ನಿಗೆ ಹಾಕುವ ಯೀಸ್ಟ್ ಹಾಕಿ ಎನ್ನುತ್ತಾರೆ. ಎರಡು ಗಂಟೆಗೆ ಉಬ್ಬುವುದೇನೋ ಹೌದು, ಬರುವುದು ಬ್ರೆಡ್ಡಿನ ವಾಸನೆ, ಹುಳಿ ಹತ್ತಿರ ಸುಳಿಯುವುದಿಲ್ಲ.

ದಾರಿ ಸಿಕ್ಕಿದ್ದು ಮೊಸರು ಯಂತ್ರದಲ್ಲಿ. ಮೊಸರಿನ ಗುಂಡಿ ಒತ್ತಬೇಡಿ. ಅದು 40 ಡಿಗ್ರಿ ದಾಟುತ್ತದೆ, ಹಿಟ್ಟು ಹುಳಿಯಾಗುತ್ತದೆಯೇ ಹೊರತು ಉಬ್ಬುವುದಿಲ್ಲ. ಅದೇ ಯಂತ್ರದಲ್ಲಿ ಅಕ್ಕಿ ಮದ್ಯ ಮಾಡಲು ‘ಮೀಜ್ಯೋ’ ಎಂಬ ಇನ್ನೊಂದು ಗುಂಡಿ ಇರುತ್ತದೆ. ಅದು 30ರ ಮೇಲೆ ಕೆಳಗೆ ಆಡುತ್ತದೆ, ಇಡ್ಲಿ ಹಿಟ್ಟಿಗೆ ಬೇಕಾದ್ದೂ ಅಷ್ಟೇ. ನೂರು ಯುವಾನ್ ಒಳಗೆ ಸಿಗುತ್ತದೆ, 2 ಲೀಟರಿಗಿಂತ ಸಣ್ಣದು ಬೇಡ, ಒಳಪಾತ್ರೆ ಅರ್ಧ ಮಾತ್ರ ತುಂಬಬೇಕು. ಒಳಪಾತ್ರೆಗೂ ಯಂತ್ರಕ್ಕೂ ನಡುವೆ ಒಂದು ಬೆರಳು ನೀರು ಹಾಕಿದರೆ ಕಾವು ಸುತ್ತ ಸಮನಾಗಿ ಹರಡುತ್ತದೆ. ಕೆಲವು ಯಂತ್ರ ಇದಕ್ಕೆ ಒಪ್ಪುವುದಿಲ್ಲ, ಕೈಪಿಡಿಯ ಚಿತ್ರ ನೋಡಿ. ಹದಿನೈದು ಯುವಾನ್‌ನ ಥರ್ಮಾಮೀಟರ್ ಚುಚ್ಚಿ ನೋಡಿ, ತಳ 34 ದಾಟಿದರೆ ಮುಚ್ಚಳ ಸ್ವಲ್ಪ ಸರಿಸಿ. ಸಂಜೆ ಆರಕ್ಕೆ ಇಟ್ಟರೆ ಬೆಳಗ್ಗೆ ಆರೂವರೆಗೆ ಸಿದ್ಧ, ಎಂಟರ ಕ್ಲಾಸಿಗೆ ತಿಂದೇ ಹೋಗಬಹುದು. ಮದ್ಯಕ್ಕೆಂದು ಯಂತ್ರದಲ್ಲಿ ಒಂದೂವರೆ ದಿನದ ಗಡಿಯಾರ ಇಟ್ಟಿರುತ್ತಾರೆ, ಅದನ್ನು 13 ಗಂಟೆಗೆ ಇಳಿಸಿ. ಇಲ್ಲದಿದ್ದರೆ ಬೆಳಗ್ಗೆ ನಾಲ್ಕು ಪಿರಿಯಡ್ ಮುಗಿಸಿ ಬರುವಷ್ಟರಲ್ಲಿ ಹಿಟ್ಟು ಮುಚ್ಚಳ ತಳ್ಳಿ ಹೊರಗಿರುತ್ತದೆ. ಉಪ್ಪು ಚಳಿಯಲ್ಲಿ ಉಬ್ಬಿದ ಮೇಲೆ. ಜೂನ್ ಜುಲೈಯಲ್ಲಿ ಯಂತ್ರವೇ ಬೇಡ. ಹೊರಗೆ 38 ಇರುವಾಗ ಆರು ಗಂಟೆಗೇ ಹುಳಿ ಮೀರುತ್ತದೆ, ಆಗ ಉಪ್ಪು ಮೊದಲೇ ಹಾಕಿ.

ಬೇಯಿಸಲು ಇಡ್ಲಿ ತಟ್ಟೆ ಬೇಕಿಲ್ಲ. ಬಿದಿರಿನ ಹಬೆಪೆಟ್ಟಿಗೆಯಲ್ಲಿ ಅಕ್ಕಿ ಸಿಹಿ ಬೇಯಿಸುವ ಪುಟ್ಟ ಬಟ್ಟಲುಗಳನ್ನಿಟ್ಟರೆ ಸಾಕು, ಅಗಲದ ತಟ್ಟೆ ಸಿಕ್ಕಿದರೆ ಬಿಡದಿಯವರೂ ಒಪ್ಪುವ ತಟ್ಟೆ ಇಡ್ಲಿಯೇ ಆಗುತ್ತದೆ. ಬಿದಿರಿನ ಮುಚ್ಚಳ ಹಬೆ ಹೀರಿಕೊಳ್ಳುವುದರಿಂದ ಮೇಲೆ ನೀರು ತೊಟ್ಟಿಕ್ಕುವುದಿಲ್ಲ, ಸ್ಟೀಲ್ ಕುಕ್ಕರಿಗಿಂತ ಇದು ವಾಸಿ. ಸಣ್ಣದಕ್ಕೆ ಹನ್ನೆರಡು ನಿಮಿಷ, ತಟ್ಟೆಗೆ ಹದಿನೈದು. ಮೇಲಿನ ಅಳತೆಗೆ ಇಪ್ಪತ್ತು ಚಿಲ್ಲರೆ ಇಡ್ಲಿ, ಖರ್ಚು ಹೆಚ್ಚೆಂದರೆ ಐದು ಯುವಾನ್. ಬಣ್ಣದಲ್ಲಿ ಚೂರು ಹಳದಿ ಛಾಯೆ ಉಳಿಯುತ್ತದೆ, ಅದನ್ನು ತೆಗೆಯಲು ಆಗಿಲ್ಲ. ವಿದ್ಯಾರ್ಥಿಗಳಿಗೆ ಕೊಟ್ಟರೆ ಮೆಚ್ಚಿ ತಿನ್ನುತ್ತಾರೆ, ಆಮೇಲೆ ಸಕ್ಕರೆ ಕೇಳುತ್ತಾರೆ.

ದೋಸೆಗೆ ಇದೇ ಹಿಟ್ಟು ಅಷ್ಟಾಗಿ ಬರಲಿಲ್ಲ, ಗೆಡ್ಡೆಯ ಲೋಳೆಗೆ ಗರಿಗರಿಯಾಗುವುದಿಲ್ಲ. ಗೆಡ್ಡೆ ಬಿಟ್ಟು, ಎರಡು ಚಮಚ ಕಡಲೆಹಿಟ್ಟು ಸೇರಿಸಿ, ರಸ್ತೆಬದಿಯವರು ಜ್ಯೆನ್‌ಬಿಂಗ್ ಎಂಬ ಇಲ್ಲಿನ ತೆಳು ದೋಸೆ ಹುಯ್ಯುವ ಮರದ ಹರವುಗೋಲಿನಲ್ಲಿ ಎಳೆದರೆ ಪೇಪರ್ ದೋಸೆ ಬರುತ್ತದೆ. ಎರಡೂ ಕಡೆ ಬಿಸಿಯಾಗುವ ಇಲ್ಲಿನ ಎಲೆಕ್ಟ್ರಿಕ್ ಕಾವಲಿಯ ಮುಚ್ಚಳ ಮಾತ್ರ ಮುಚ್ಚಬೇಡಿ.

ಚಟ್ನಿಗೆ ಹೈನಾನ್‌ನ ಬಲಿತ ಕಾಯಿ ತರಿಸಿ. ಪ್ಯಾಕೆಟ್ಟಿನ ತುರಿಯಲ್ಲಿ ಸಕ್ಕರೆ, ಹಾಲಿನಪುಡಿ ಬೆರೆಸಿರುವುದುಂಟು. ಹುರಿಗಡಲೆ ಬದಲು ಹುರಿದ ಕಡಲೆಕಾಯಿ, ಹುಣಸೆಗೆ ಯುನಾನ್‌ನ ಸ್ವಾನ್‌ಜ್ಯಾವ್. ಮೊಸರಿಗೆ ಹೆಪ್ಪು ಕೊಳ್ಳುವಾಗ ಫ್ರಿಜ್ಜಿನಲ್ಲಿ ಇಟ್ಟದ್ದನ್ನೇ ತೆಗೆದುಕೊಳ್ಳಿ. ಹೊರಗಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂರುವ ಡಬ್ಬಿ ಮೊಸರನ್ನು ಕಾಯಿಸಿರುತ್ತಾರೆ, ಅದರಲ್ಲಿ ಜೀವವಿಲ್ಲ. ಚೀನೀ ಹೊಸವರ್ಷಕ್ಕೆ ಒಂದು ವಾರಕ್ಕೂ ಮೊದಲೇ ಕೊರಿಯರ್ ನಿಧಾನ, ಕೆಲವು ಅಂಗಡಿ ಮುಚ್ಚಿಯೇ ಬಿಡುತ್ತವೆ. ಶ್ಯೆನ್‌ಮಿ, ತೆಂಗಿನಕಾಯಿ ಎರಡನ್ನೂ ಹದಿನೈದು ದಿನ ಮೊದಲೇ ತರಿಸಿಡಿ. ಗೆಡ್ಡೆಯನ್ನು ಸಿಪ್ಪೆ ಸಮೇತ ಪೇಪರಿನಲ್ಲಿ ಸುತ್ತಿ ಬಾಲ್ಕನಿಯಲ್ಲಿ ಇಡಬಹುದು, ಹೆಪ್ಪುಗಟ್ಟದಂತೆ ನೋಡಿಕೊಂಡರೆ ಸಾಕು.