ತುಮಕೂರಿನ ಹಾಸ್ಟೆಲ್ ರೂಮಿಗೆ ನಾವು ಕೊಂಡಿದ್ದು, ಬಿಟ್ಟಿದ್ದು

ಹಾಸ್ಟೆಲ್‌ಗೆ ಅಂತ ಏನು ಕೊಳ್ಳಬೇಕಾದರೂ ನಾನು ಮೊದಲು ನೋಡುವುದು ಎರಡೇ. ಇದನ್ನು ಒಂದು ಬಕೆಟ್‌ನಲ್ಲಿ ಒಬ್ಬಳೇ ಒಗೆಯೋಕಾಗುತ್ತಾ? ಬೆಳಿಗ್ಗೆ ಒಗೆದು ಹಾಕಿದರೆ ಸಂಜೆಗೆ ಒಣಗುತ್ತಾ? ಪಾವಗಡದ ಕಡೆಯವಳು ನಾನು. ತುಮಕೂರಿನ ಹಾಸ್ಟೆಲ್‌ನಲ್ಲಿದ್ದುಕೊಂಡೇ ಡಿಗ್ರಿ, ಎಂ.ಎಸ್ಸಿ. ಎರಡೂ ಮುಗಿಸಿದೆ. ಈ ವರ್ಷ ತಂಗಿಯನ್ನು ಅದೇ ಊರಿಗೆ ಸೇರಿಸಿದೆವು. ಅವಳ ಸಾಮಾನನ್ನೂ ಇದೇ ಲೆಕ್ಕದಲ್ಲಿ ತೆಗೆದುಕೊಟ್ಟೆ.

ಮನೆಯಿಂದ ಹಾಸಿಗೆ ಹೊತ್ತುಕೊಂಡು ಹೋಗಬೇಡಿ. ಮಧುಗಿರಿ, ಕೊರಟಗೆರೆ ಮೇಲೆ ಸುಮಾರು 100 ಕಿಲೋಮೀಟರ್ ಬಸ್ಸಿನಲ್ಲಿ ಅದನ್ನು ಸಾಗಿಸುವ ಕಷ್ಟ ಒಂದು ಕಡೆ. ಮಂಚದ ಅಳತೆ ಮನೆಯಲ್ಲಿ ಕೂತರೆ ಗೊತ್ತಾಗುವುದಿಲ್ಲ, ಅದು ದೊಡ್ಡ ಕಾರಣ. ಹಾಸ್ಟೆಲ್‌ಗಳ ಕಬ್ಬಿಣದ ಮಂಚ ಉದ್ದದಲ್ಲಿ 6 ಅಡಿ ಇದ್ದರೂ ಅಗಲ ಕೆಲವು ಕಡೆ 3 ಅಡಿ, ಕೆಲವು ಕಡೆ ಎರಡೂವರೆ. ಅಗಲ ಜಾಸ್ತಿಯಾದರೆ ಹಾಸಿಗೆ ಒಂದು ಪಕ್ಕ ಗೋಡೆಗೆ ಮಡಚಿಕೊಳ್ಳುತ್ತದೆ, ಇನ್ನೊಂದು ಪಕ್ಕ ಜೋತು ಬೀಳುತ್ತದೆ. ರೂಮಿನ ಕೀ ಸಿಕ್ಕ ಮೇಲೆ ಅಪ್ಪ ಟೇಪ್ ಹಿಡಿದು ಚೌಕಟ್ಟಿನ ಒಳ ಅಳತೆ ತೆಗೆದುಕೊಂಡರು. ಆಮೇಲೆ ಅಂಗಡಿಗೆ ಹೋದೆವು.

“ಎರಡೂವರೆ ಅಡೀನಾ? ಅದು ರೆಡಿ ಇರಲ್ಲಮ್ಮ. ಸಾಯಂಕಾಲ ಬನ್ನಿ, ಕತ್ತರಿಸಿ ಹೊಲಿದು ಇಟ್ಟಿರ್ತೀನಿ” ಅಂದರು ಹಾಸಿಗೆ ಅಂಗಡಿಯವರು. ಹಾಗೇ ಮಾಡಿಸಿದೆವು.

ಅಮ್ಮನಿಗೆ ಹತ್ತಿ ಹಾಸಿಗೆಯೇ ಬೇಕಿತ್ತು. ಅದರ ಸುಖ ಬೇರೆ, ಒಪ್ಪುತ್ತೇನೆ. ಆದರೆ ಹತ್ತಿ ತೇವ ಎಳೆದುಕೊಳ್ಳುತ್ತದೆ, ಗಂಟು ಕಟ್ಟುತ್ತದೆ, ಆಗಾಗ ಬಿಸಿಲು ಕಾಣಿಸಲೇಬೇಕು. ಅಷ್ಟು ಭಾರ ಹೊತ್ತು ಟೆರೇಸ್ ಹತ್ತುವವರು ಯಾರು? ಸ್ಪಂಜಿನದು ಹಗುರ, ಬೆಲೆಯೂ ಕಡಿಮೆ. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಬೆನ್ನು ಬೆವರುತ್ತದೆ. ತೆಳ್ಳಗಿನದಾದರೆ ನಡುವಿನಲ್ಲಿ ಬೇಗ ಕುಸಿಯುತ್ತದೆ. ನಾವು ತೆಗೆದುಕೊಂಡಿದ್ದು 3 ಇಂಚಿನ ತೆಂಗಿನ ನಾರಿನ ಹಾಸಿಗೆ. ಸ್ವಲ್ಪ ಗಟ್ಟಿ, ಆದರೆ ಗಾಳಿಯಾಡುತ್ತದೆ, ಬೆನ್ನಿಗೂ ಒಳ್ಳೆಯದು ಅನ್ನಿಸಿತು. ಮೇಲೆ ಹಳೆಯ ದುಪ್ಪಟಿಯೊಂದನ್ನು ಮಡಿಸಿ ಹಾಸಿದರೆ ಸಾಕು. ಹಾಸಿಗೆಯನ್ನಂತೂ ಒಗೆಯೋಕಾಗಲ್ಲ. ಅದಕ್ಕೇ ಜಿಪ್ ಇರುವ ಬಟ್ಟೆಯ ಕವರ್ ಹೊಲಿಸಿ, ತೆಗೆದು ಒಗೆಯುವ ಹಾಗೆ ಮಾಡಿಕೊಂಡೆವು.

ಹಾಸಿಗೆ ಹಾಕುವ ಮೊದಲು ಮಂಚ ನೋಡಿ. ತಿಗಣೆಯ ವಿಷಯದಲ್ಲಿ ನಾನು ಯಾರ ಮಾತನ್ನೂ ನಂಬುವುದಿಲ್ಲ. ಟಾರ್ಚ್ ಹಿಡಿದು ಮಂಚದ ಕಾಲು ಸೇರುವ ಸಂದು, ಬೋಲ್ಟಿನ ತೂತು, ಗೋಡೆಗೆ ತಾಗುವ ಪಟ್ಟಿಯ ಹಿಂದೆ ನೋಡಬೇಕು. ಪೆನ್ನಿನ ಮೊನೆಯಿಂದ ಇಟ್ಟ ಹಾಗೆ ಕಪ್ಪು ಚುಕ್ಕೆಗಳಿದ್ದರೆ, ಬಿಳಿ ಸಿಪ್ಪೆಯಂಥದ್ದು ಅಂಟಿದ್ದರೆ ತಿಗಣೆ ಇದೆ ಅಂತಲೇ ಅರ್ಥ. ತಂಗಿಯ ಮಂಚದ ಒಂದು ಸಂದಿನಲ್ಲಿ ಕಾಣಿಸಿತು. ಮೆಸ್‌ನ ಅಕ್ಕ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿಕೊಟ್ಟರು. ಮಂಚವನ್ನು ಹೊರಗೆ ಎಳೆದು, ಕುದಿಯುವ ನೀರನ್ನೇ ಸಂದುಸಂದಿಗೂ ಹೊಯ್ದೆವು. ನೀರು ಅಷ್ಟು ಬಿಸಿ ಇದ್ದರೆ ಮೊಟ್ಟೆಯೂ ಸಾಯುತ್ತದೆ. ಆಮೇಲೆ ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟೆವು.

ಇದೇ ಕಾರಣಕ್ಕೆ ಬೆಡ್‌ಶೀಟ್ ತಿಳಿ ಬಣ್ಣದ್ದೇ ಆಗಬೇಕು. ಕೊಳೆ ಕಾಣಲ್ಲ ಅಂತ ಎಲ್ಲರೂ ಗಾಢ ಬಣ್ಣ ಹುಡುಕುತ್ತಾರೆ. ನನಗೆ ಕೊಳೆಯೂ ಕಾಣಬೇಕು, ರಕ್ತದ ಚುಕ್ಕೆಯೂ ಕಾಣಬೇಕು. ಎಂ.ಜಿ. ರಸ್ತೆಯಲ್ಲಿ ತೆಳ್ಳನೆಯ ಕಾಟನ್ ಬೆಡ್‌ಶೀಟ್ ಮೂರು ತೆಗೆದುಕೊಂಡೆವು. ಒಂದು ಹಾಸಲು, ಒಂದು ಒಗೆಯಲು, ಇನ್ನೊಂದು ಮಳೆಗಾಲಕ್ಕೆ. ನಮ್ಮ ಜಿಲ್ಲೆಯಲ್ಲಿ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹುಡುಗಿಯರು ಹಾಸ್ಟೆಲ್‌ಗೆ ಹೊಸದಾಗಿ ಬಂದಿರುವುದೂ ಆಗಲೇ, ಅಲ್ವಾ? ದಪ್ಪ ಟರ್ಕಿ ಟವಲು ಆ ಎರಡು ತಿಂಗಳು ಒಣಗುವುದೇ ಇಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ತೆಳು ಟವಲು ಎರಡು ಇದ್ದರೆ ನೆಮ್ಮದಿ.

ಡಿಸೆಂಬರ್, ಜನವರಿಯ ಚಳಿಗೆ ಬೇರೆಯೇ ಹೊದಿಕೆ ಬೇಕು. ಮಖಮಲ್ಲಿನ ಹಾಗೆ ಮೆತ್ತಗಿರುವ ದಪ್ಪ ರಗ್ಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದು ನೆನೆದರೆ ಇಬ್ಬರು ಸೇರಿ ಹಿಂಡಿದರೂ ನೀರು ಇಳಿಯಲ್ಲ. ನಾವು ಅಜ್ಜಿಯ ಹತ್ತಿರವಿದ್ದ ಚಳ್ಳಕೆರೆ ಕಡೆಯ ಉಣ್ಣೆ ಕಂಬಳಿ ಕೊಟ್ಟೆವು. ಇದನ್ನು ಒಗೆಯುವ ಗೋಜೇ ಇಲ್ಲ, ಬಿಸಿಲಿಗೆ ಹಾಕಿ ಕೊಡವಿದರೆ ಆಯಿತು. ಚುಚ್ಚುತ್ತದೆ ಅಂತ ತಂಗಿ ಮುಖ ಸಿಂಡರಿಸಿದಳು. ಒಳಗೆ ದುಪ್ಪಟಿ ಸೇರಿಸಿ ಹೊದ್ದುಕೋ ಅಂದೆ, ಈಗ ಬಿಡುವುದಿಲ್ಲ.

ಉಳಿದ ಸಾಮಾನು ಮಂಡಿಪೇಟೆಯಲ್ಲಿ ಆಯಿತು. ಮುಚ್ಚಳ ಇರುವ ಬಕೆಟ್ ಎರಡು, ಒಂದರಲ್ಲಿ ಯಾವಾಗಲೂ ನೀರು ತುಂಬಿರಲಿ. ಬೋರ್‌ವೆಲ್ ನೀರು ಗಡಸಾದರೆ ಸೋಪು ನೊರೆ ಬರುವುದಿಲ್ಲ, ಒಗೆಯಲು ಪುಡಿಯೇ ವಾಸಿ. ನೈಲಾನ್ ಹಗ್ಗ, ಕ್ಲಿಪ್ಪು, ಸೊಳ್ಳೆ ಪರದೆ, ಸ್ಟೀಲ್ ತಟ್ಟೆ ಲೋಟ, ಒಳ್ಳೆಯ ಬೀಗ. ಬೀಗದ ಇನ್ನೊಂದು ಕೀ ರೂಮ್‌ಮೇಟ್ ಹತ್ತಿರ.

ಎಕ್ಸ್‌ಟೆನ್ಷನ್ ಬೋರ್ಡ್ ಮಾತ್ರ ಐ.ಎಸ್.ಐ. ಗುರುತು ನೋಡಿಯೇ ತೆಗೆದುಕೊಳ್ಳಿ. 6 ಆಂಪಿಯರ್ ಬೋರ್ಡ್ 230 ವೋಲ್ಟ್‌ಗೆ 1,380 ವ್ಯಾಟ್‌ವರೆಗೆ ತಡೆಯುತ್ತದೆ. ನೀರು ಕಾಯಿಸುವ ಕಾಯಿಲ್ 1,500 ವ್ಯಾಟ್ ಇದ್ದರೆ ಅಲ್ಲಿಗೇ ಮೀರಿತು. ವಾರ್ಡನ್ ಬೇಡ ಅನ್ನುವುದು ಸುಮ್ನೆ ಅಲ್ಲ. ಫೋನು, ಲ್ಯಾಪ್‌ಟಾಪ್, ಟೇಬಲ್ ಲ್ಯಾಂಪಿಗೆ ಮಾತ್ರ ಅದು.

ಬೇಸಿಗೆ ರಜೆಗೆ ರೂಮ್ ಖಾಲಿ ಮಾಡಬೇಕಾದರೆ ಕವರ್ ತೆಗೆದು ಹಾಸಿಗೆಗೆ ಒಂದು ದಿನ ಬಿಸಿಲು ಕೊಡಿ. ಪ್ಲಾಸ್ಟಿಕ್ ಶೀಟಿನಲ್ಲಿ ಸುತ್ತಿ, ಹೆಸರು ಬರೆದು ಸ್ಟೋರ್ ರೂಮಿನಲ್ಲಿಡಿ. ನಾರಿನ ಹಾಸಿಗೆಯನ್ನು ಮಡಿಸಬೇಡಿ, ಮುರಿಯುತ್ತದೆ, ಗೋಡೆಗೆ ಒರಗಿಸಿ ನಿಲ್ಲಿಸಿ. ಕಂಬಳಿಯನ್ನು ಮಾತ್ರ ಮನೆಗೇ ತನ್ನಿ.