ಹತ್ತು ನಿಮಿಷಕ್ಕೊಂದು ಚುಕ್ಕೆ

ಮೆಕ್ಸಿಕೋ ಕೊಲ್ಲಿಯಲ್ಲಿ ಸಿಗಡಿ ಹಿಡಿಯುವ ಬೋಟೊಂದರ ಕಾಗದಪತ್ರ, ಡೀಸೆಲ್ ಲೆಕ್ಕ, ಸಣ್ಣಪುಟ್ಟ ದುರಸ್ತಿ ನನ್ನ ಪಾಲಿನ ಕೆಲಸ. ಅಮೆರಿಕದ ಫೆಡರಲ್ ಪರವಾನಗಿ ಇರುವ ಬೋಟುಗಳಲ್ಲಿ ಕೆಲವನ್ನು ಆಯ್ದು ಎಲೆಕ್ಟ್ರಾನಿಕ್ ಲಾಗ್‌ಬುಕ್ ಇರಿಸುತ್ತಾರೆ. ನಮ್ಮದೂ ಆ ಪಟ್ಟಿಗೆ ಸೇರಿತು. ಸೇರಿದ ಮೇಲೆ ಒಲ್ಲೆ ಎನ್ನುವಂತಿಲ್ಲ; ಪರವಾನಗಿಯ ನವೀಕರಣವೇ ನಿಂತುಹೋಗುತ್ತದೆ.

ಪ್ರತಿದಿನ ಹಿಡಿದ ಸಿಗಡಿಯ ತೂಕವನ್ನು ಅದರಲ್ಲಿ ತುಂಬಬೇಕೇನೋ ಎಂದುಕೊಂಡಿದ್ದೆ. ಹಾಗೇನಿಲ್ಲ. ಅದೊಂದು ಪುಟ್ಟ ಪೆಟ್ಟಿಗೆ. 10 ನಿಮಿಷಕ್ಕೊಮ್ಮೆ ಬೋಟ್ ಎಲ್ಲಿದೆ ಎಂಬುದನ್ನು ಮಾತ್ರ ದಾಖಲಿಸಿಕೊಳ್ಳುತ್ತದೆ. ಎರಡು ಚುಕ್ಕೆಗಳ ನಡುವಿನ ದೂರದಿಂದ ವೇಗ ತಿಳಿಯುತ್ತದೆ, ವೇಗದಿಂದ ಬಲೆ ನೀರಿನಲ್ಲಿತ್ತೇ ಎಂಬುದನ್ನು ಊಹಿಸುತ್ತಾರೆ. ಬಲೆ ಎಳೆಯುವಾಗ ನಾವು ಸುಮಾರು 3 ನಾಟ್, ಎಂದರೆ ಗಂಟೆಗೆ ಐದೂವರೆ ಕಿಲೋಮೀಟರ್ ವೇಗದಲ್ಲಿರುತ್ತೇವೆ. ಗಾಳಿ ಜೋರಾದ ರಾತ್ರಿ, ಬಲೆ ಮೇಲಿದ್ದರೂ ಅಲೆಗೆ ಮುಖ ಕೊಟ್ಟು ಅದೇ ವೇಗದಲ್ಲಿ ತೆವಳುವುದುಂಟು. ಅಂಥ ರಾತ್ರಿಗಳನ್ನು ನಾನು ಪ್ರತ್ಯೇಕ ನೋಟ್‌ಬುಕ್ಕಿನಲ್ಲಿ ಗಂಟೆಸಹಿತ ಬರೆದಿಡುತ್ತೇನೆ.

ಬಲೆ ಎಳೆದ ಗಂಟೆಗಳ ಈ ಲೆಕ್ಕದ ಹಿಂದೆ ರೆಡ್ ಸ್ನ್ಯಾಪರ್ ಮೀನಿದೆ. ಅದರ ಮರಿಗಳು ಸಿಗಡಿ ಬಲೆಗೆ ಸಿಕ್ಕಿ ಸಾಯುತ್ತವೆ. ಆದ್ದರಿಂದ ಕೊಲ್ಲಿಯ ಪಶ್ಚಿಮ ಮತ್ತು ಉತ್ತರ ಭಾಗದಲ್ಲಿ, 10ರಿಂದ 30 ಮಾರು ಆಳದ ನೀರಿನಲ್ಲಿ ಬಲೆ ಎಳೆಯುವ ಪ್ರಮಾಣಕ್ಕೆ ಮಿತಿಯಿದೆ. 2001–2003ರ ಸರಾಸರಿಗಿಂತ ಅದು ಶೇ. 67ರಷ್ಟು ಕಡಿಮೆ ಇರಬೇಕಿತ್ತು. 2020ರಲ್ಲಿ ಅದನ್ನು ಶೇ. 60ಕ್ಕೆ ಸಡಿಲಿಸಿದರು.

ಮೊದಲು ಪೆಟ್ಟಿಗೆ ದಡದ ಹತ್ತಿರ ಬಂದಾಗ ಮೊಬೈಲ್ ಜಾಲದ ಮೂಲಕ ತಾನೇ ಎಲ್ಲವನ್ನೂ ಕಳುಹಿಸುತ್ತಿತ್ತು. 2020ರ ಡಿಸೆಂಬರ್‌ನಲ್ಲಿ 3ಜಿ ಜಾಲ ನಿಂತಿತು. ಆಮೇಲೆ ಮೆಮೊರಿ ಕಾರ್ಡ್ ತೆಗೆದು ಅಂಚೆಯಲ್ಲಿ ಕಳುಹಿಸುವ ಕೆಲಸ ನಮ್ಮ ಮೇಲೆ ಬಿತ್ತು. ಹಳೆಯ ಕಾರ್ಡ್ ಹೊರಗೆ, ಹೊಸದು ಒಳಗೆ: ಐದು ನಿಮಿಷದ ಕೆಲಸ.

ನಾನು ಎಡವಿದ್ದು ಅದಕ್ಕೂ ಮೊದಲಿನ ಹಂತದಲ್ಲಿ. ಒಮ್ಮೆ ಕಳುಹಿಸಿದ ಕಾರ್ಡ್‌ನಲ್ಲಿ ಇಡೀ ಒಂದು ಪ್ರಯಾಣದ ದಾಖಲೆಯೇ ಇರಲಿಲ್ಲ. ಹುಡುಕಿದರೆ ವಿದ್ಯುತ್ ತಂತಿಯ ಜೋಡಣೆ ಉಪ್ಪುನೀರಿಗೆ ಹಸಿರುಗಟ್ಟಿ ಸವೆದುಹೋಗಿತ್ತು. 19 ದಿನ ನಾವು ಸಮುದ್ರದಲ್ಲಿದ್ದೆವು, ದಾಖಲೆಯಲ್ಲಿ ಎಲ್ಲಿಯೂ ಇರಲಿಲ್ಲ. ದಂಡದ ಭಯಕ್ಕಿಂತ ಇದೇ ನನಗೆ ಹೆಚ್ಚು ನೋವು ಕೊಟ್ಟಿತು. ಏಕೆಂದರೆ ಸಮುದ್ರದಲ್ಲಿ ವಿದ್ಯುತ್ ತೆಗೆಯುವ ಗಾಳಿಯಂತ್ರ ಸ್ಥಾಪಿಸಲು ಜಾಗ ಗುರುತಿಸುವಾಗ ಸಿಗಡಿ ಬೋಟುಗಳು ದುಡಿಯುವ ನೀರು ಯಾವುದೆಂದು ತೋರಿಸಿದ್ದು ಇದೇ ಚುಕ್ಕೆಗಳು. ನಮ್ಮ ಬೋಟ್ ನಡೆಸುವ ತಂಡೇಲರು ಮೂವತ್ತು ವರ್ಷ ಬಲೆ ಎಳೆದ ನೆಲೆಗೂ ಚುಕ್ಕೆಯಿಲ್ಲದಿದ್ದರೆ ಸಾಕ್ಷಿಯಿಲ್ಲ.

ಆ ಜೋಡಣೆಯನ್ನು ಕತ್ತರಿಸಿ ತೆಗೆದು, ತವರ ಲೇಪಿಸಿದ ತಾಮ್ರದ ತಂತಿ ಹಾಕಿ, ನೀರು ನುಗ್ಗದ ಕವಚ ತೊಡಿಸಿದೆ. ಈಗ ಐಸ್ ತುಂಬಿಸುವ ಹೊತ್ತಿನಲ್ಲಿ ತಂಡೇಲರೇ ಕೇಳುತ್ತಾರೆ, “ಪೆಟ್ಟಿಗೆ ನೋಡಿದೆಯಾ?” ನೋಡದೆ ಹಗ್ಗ ಬಿಚ್ಚುವುದಿಲ್ಲ.